ಅಘನಾಶಿನಿಯ ಕೆಸರು, ಬೆಂಗಳೂರಿನ ಫ್ರೀಜರ್

ಬ್ಯಾಕ್ಟೀರಿಯಾ ಕೊಲ್ಲುವ ವಸ್ತುವನ್ನು ಹುಡುಕೋದು ಅಷ್ಟೇನೂ ಕಷ್ಟದ ಕೆಲಸ ಅಲ್ಲ. ಹೀಗೆ ಹೇಳಿದರೆ ಜನ ನಂಬುವುದಿಲ್ಲ. ಆದರೆ ಒಂದು ಹಿಡಿ ಕೆಸರು ತಂದು ನೋಡಿ, ಅದರಲ್ಲಿ ಬೆಳೆಯುವ ಬ್ಯಾಕ್ಟೀರಿಯಾಗಳಲ್ಲಿ ಕೆಲವಾದರೂ ಪಕ್ಕದವನ್ನು ಕೊಲ್ಲುವಂಥ ಏನನ್ನೋ ಮಾಡಿಯೇ ಮಾಡುತ್ತವೆ. ಕಷ್ಟ ಶುರುವಾಗುವುದು ಆಮೇಲೆ. ಸಿಕ್ಕಿದ್ದು ಹೊಸದಾ, ಅಥವಾ ಎಪ್ಪತ್ತು ವರ್ಷದ ಹಿಂದೆಯೇ ಯಾರಿಗೋ ಸಿಕ್ಕಿದ್ದಾ? ಮನುಷ್ಯರ ಕಿಡ್ನಿ ಅದನ್ನು ತಡೆದುಕೊಳ್ಳುತ್ತಾ? ಐಸಿಯುಗಳಲ್ಲಿ ಠಿಕಾಣಿ ಹೂಡಿರುವ ಬ್ಯಾಕ್ಟೀರಿಯಾಗಳ ಮೇಲೂ ಅದು ಕೆಲಸ ಮಾಡುತ್ತಾ? ಮತ್ತೆ, ಇಷ್ಟಕ್ಕೆಲ್ಲ ಉತ್ತರ ಸಿಗುವ ತನಕ ಅದನ್ನು ಮಾಡಿದ ಬ್ಯಾಕ್ಟೀರಿಯಾವನ್ನು ಜೋಪಾನವಾಗಿ ಇಟ್ಟುಕೊಳ್ಳುವವರು ಯಾರು? ಈ ಕೊನೆಯ ಪ್ರಶ್ನೆಯ ಬಗ್ಗೆ ಮಾತಾಡುವವರು ತುಂಬಾ ಕಡಿಮೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಾನು ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಸಮುದ್ರದ ಬ್ಯಾಕ್ಟೀರಿಯಾಗಳ ಮೇಲೆ ಕೆಲಸ ಮಾಡುತ್ತೇನೆ. "ಬೆಂಗಳೂರಲ್ಲಿ ಸಮುದ್ರ ಎಲ್ಲಿದೆ?" ಅಂತ ಎಲ್ಲರೂ ಕೇಳುತ್ತಾರೆ. ಸಮುದ್ರ ಇಲ್ಲ, ಆದರೆ ಸಿಕ್ಕಿದ ವಸ್ತು ಏನು ಅಂತ ತೂಕ ಹಾಕಿ ಹೇಳುವ ಮಾಸ್ ಸ್ಪೆಕ್ಟ್ರೋಮೀಟರ್ ಇದೆ, ಜೀನೋಮ್ ಓದುವ ಮೆಷಿನ್ ಇದೆ, ಔಷಧ ನಿರೋಧಕ ಬ್ಯಾಕ್ಟೀರಿಯಾಗಳನ್ನು ಸುರಕ್ಷಿತವಾಗಿ ಬೆಳೆಸುವ ವ್ಯವಸ್ಥೆ ಇದೆ. ಕೆಸರು ಕುಮಟಾದಿಂದ ರಾತ್ರಿ ರೈಲಿನಲ್ಲಿ ಥರ್ಮೋಕೋಲ್ ಡಬ್ಬಿಯೊಳಗೆ ಐಸ್ ಮೇಲೆ ಕೂತು ಬರುತ್ತದೆ.

ಈ ಕೆಲಸ ಯಾಕೆ ಬೇಕು ಅನ್ನುವುದಕ್ಕೆ ನಮ್ಮ ಚಿಕ್ಕಮ್ಮನ ಕಲ್ಚರ್ ರಿಪೋರ್ಟ್ ತೋರಿಸಿದರೆ ಸಾಕು. ಹೋದ ವರ್ಷ ಅವರಿಗೆ ಒಂದು ಆಪರೇಷನ್ ಆಯಿತು, ಕ್ಯಾಥೆಟರ್ ಹಾಕಿದ್ದರು, ಮನೆಗೆ ಬಂದ ಮೇಲೆ ಚಳಿಜ್ವರ ಶುರು. ಮೂತ್ರ ಪರೀಕ್ಷೆಗೆ ಕೊಟ್ಟರು. ರಿಪೋರ್ಟಿನ ತಲೆಯಲ್ಲಿ ಕ್ಲೆಬ್ಸಿಯೆಲ್ಲಾ ನ್ಯುಮೋನಿಯೆ ಅಂತ ಹೆಸರು, ಅದರ ಕೆಳಗೆ ಔಷಧಿಗಳ ಪಟ್ಟಿ, ಪ್ರತಿ ಔಷಧಿಯ ಮುಂದೆ ಒಂದು ಅಕ್ಷರ. ಎಸ್ ಅಂದರೆ ಆ ಔಷಧಿ ನಡೆಯುತ್ತದೆ, ಆರ್ ಅಂದರೆ ನಡೆಯುವುದಿಲ್ಲ. ಸೆಫ್ಟ್ರಿಯಾಕ್ಸೋನ್ ಮುಂದೆ ಆರ್. ಸಿಪ್ರೋಫ್ಲಾಕ್ಸಸಿನ್ ಮುಂದೆ ಆರ್. ಪೈಪರಾಸಿಲಿನ್-ಟ್ಯಾಜೋಬ್ಯಾಕ್ಟಮ್ ಆರ್. ಮೆರೊಪೆನೆಮ್ ಕೂಡ ಆರ್. ಇದು ಆಸ್ಪತ್ರೆಯವರು ಬೇರೆ ದಾರಿ ಇಲ್ಲದಿದ್ದಾಗ ಕೈಗೆತ್ತಿಕೊಳ್ಳುವ ಔಷಧಿ, ಅದೇ ನಡೆಯುವುದಿಲ್ಲ ಅಂತ ಕಾಗದದ ಮೇಲೆ ಓದಿದಾಗ ನನಗೆ ಹೊಟ್ಟೆಯೊಳಗೆ ಕಲಸಿದ ಹಾಗಾಯಿತು, ಯಾಕೆಂದರೆ ದಿನಾ ಲ್ಯಾಬಿನಲ್ಲಿ ಇದೇ ಅಕ್ಷರ ನೋಡುವವಳು ನಾನು, ಆದರೆ ಅಲ್ಲಿ ಯಾವತ್ತೂ ಕಾಗದದ ಮೇಲೆ ಚಿಕ್ಕಮ್ಮನ ಹೆಸರು ಇರಲಿಲ್ಲ.

ಅಮಿಕಾಸಿನ್ ಮುಂದೆ ಎಸ್ ಇತ್ತು. ಅದನ್ನೇ ಇಂಜೆಕ್ಷನ್ ಕೊಟ್ಟರು. ಕಿಡ್ನಿಗೆ ಪೆಟ್ಟು ಬೀಳಬಾರದು ಅಂತ ಪದೇಪದೇ ಕ್ರಿಯಾಟಿನಿನ್ ನೋಡುತ್ತಾ ಕೊಟ್ಟರು. ಚಿಕ್ಕಮ್ಮ ಹುಷಾರಾದರು. "ನಿನ್ನ ಲ್ಯಾಬಲ್ಲಿ ಇನ್ನೂ ಒಳ್ಳೇದು ಏನಾದ್ರೂ ಸಿಕ್ಕಿದ್ರೆ ಬೇಗ ಮಾಡ್ರೇ, ಇನ್ನೊಂದ್ಸಲ ಈ ಸೂಜಿ ನನ್ ಕೈಲಾಗಲ್ಲ" ಅಂದರು. ಅಮಿಕಾಸಿನ್‌ನ ಮೂಲ ಹುಡುಕಿದರೆ ಕನಾಮೈಸಿನ್ ಸಿಗುತ್ತದೆ, ಕನಾಮೈಸಿನ್‌ನ ಮೂಲ ಜಪಾನಿನ ಮಣ್ಣಿನಲ್ಲಿದ್ದ ಒಂದು ಸ್ಟ್ರೆಪ್ಟೊಮೈಸಿಸ್ ಬ್ಯಾಕ್ಟೀರಿಯಾ. ಹಮಾವೊ ಉಮೆಝಾವಾ ಅನ್ನುವ ವಿಜ್ಞಾನಿ 1957ರಲ್ಲಿ ಅದನ್ನು ಪ್ರಕಟಿಸಿದರು. ಆ ಬ್ಯಾಕ್ಟೀರಿಯಾವನ್ನು ಯಾರೋ ಮಣ್ಣಿನಿಂದ ಆರಿಸಿ, ಬೆಳೆಸಿ, ಕಾಪಾಡಿಕೊಂಡರು. ಅದರ ಫಲ ಇಷ್ಟು ವರ್ಷದ ಮೇಲೆ ಬೆಂಗಳೂರಿನ ಒಬ್ಬ ಹೆಂಗಸಿಗೆ ಸಿಕ್ಕಿತು.

2019ರಲ್ಲಿ ಇಡೀ ಪ್ರಪಂಚದಲ್ಲಿ ಔಷಧಕ್ಕೆ ಬಗ್ಗದ ಸೋಂಕಿನಿಂದಲೇ ಸತ್ತವರು ಸುಮಾರು 12 ಲಕ್ಷ 70 ಸಾವಿರ ಜನ ಅಂತ ಲ್ಯಾನ್ಸೆಟ್ ಪತ್ರಿಕೆಯಲ್ಲಿ 2022ರಲ್ಲಿ ಬಂದ ಅಂದಾಜು ಹೇಳುತ್ತದೆ. ಇಂಥ ಸೋಂಕು ಒಂದಲ್ಲ ಒಂದು ರೀತಿ ಕಾರಣವಾದ ಸಾವುಗಳನ್ನೆಲ್ಲ ಸೇರಿಸಿದರೆ ಸುಮಾರು 49 ಲಕ್ಷ 50 ಸಾವಿರ. ನಮ್ಮ ದೇಶಕ್ಕೆ ಇದು ದೂರದ ಸುದ್ದಿ ಅಲ್ಲ. ಮೆರೊಪೆನೆಮ್ ಜಾತಿಯ ಔಷಧಿಗಳನ್ನು ಕತ್ತರಿಸಿ ಹಾಕುವ ಎನ್‌ಡಿಎಂ ಅನ್ನುವ ಕಿಣ್ವಕ್ಕೆ ನಮ್ಮ ರಾಜಧಾನಿಯ ಹೆಸರೇ ಅಂಟಿಕೊಂಡಿದೆ, ಎನ್‌ಡಿ ಅಂದರೆ ನ್ಯೂ ಡೆಲ್ಲಿ. ಆ ಹೆಸರು ಸರಿಯೋ ತಪ್ಪೋ ಅಂತ 2010ರಲ್ಲಿ ದೊಡ್ಡ ಗಲಾಟೆಯೇ ಆಯಿತು. ಹೆಸರಿನ ಜಗಳ ಏನೇ ಇರಲಿ, ಆ ಕಿಣ್ವದ ಜೀನ್ ಮಾತ್ರ ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ಸಲೀಸಾಗಿ ಹಾರುತ್ತದೆ. ಚೀಟಿ ಇಲ್ಲದೆ ಮಾತ್ರೆ ಮಾರಬೇಡಿ, ಕೋಳಿಗೆ ಹಾಕಬೇಡಿ, ಕೋರ್ಸ್ ವಿಷಯದಲ್ಲಿ ಡಾಕ್ಟರ್ ಮಾತು ಕೇಳಿ, ಇವೆಲ್ಲ ಬೇಕೇ ಬೇಕು. ಆದರೆ ಆಗಲೇ ಆರ್ ಅಂತ ಬರೆಸಿಕೊಂಡವರಿಗೆ ಹೊಸ ಔಷಧಿಯೇ ಬೇಕು, ಅಲ್ವಾ?

ನಾವು ಇವತ್ತು ನುಂಗುವ ಆಂಟಿಬಯೋಟಿಕ್‌ಗಳಲ್ಲಿ ಬಹುಪಾಲು ಮಣ್ಣಿನ ಸೂಕ್ಷ್ಮಜೀವಿಗಳಿಂದ ಬಂದವು. ಸೆಲ್ಮನ್ ವಾಕ್ಸ್‌ಮನ್ ಲ್ಯಾಬಿನಲ್ಲಿ 1943ರಲ್ಲಿ ಆಲ್ಬರ್ಟ್ ಶಾಟ್ಸ್‌ಗೆ ಸ್ಟ್ರೆಪ್ಟೊಮೈಸಿನ್ ಸಿಕ್ಕ ಮೇಲೆ ಕಂಪನಿಗಳೆಲ್ಲ ದೇಶ ದೇಶದಿಂದ ಮಣ್ಣು ತರಿಸಿದವು. ನಮ್ಮ ಯಲ್ಲಾಪ್ರಗಡ ಸುಬ್ಬರಾವ್ ಲೆಡರ್ಲೆ ಕಂಪನಿಯ ಸಂಶೋಧನೆ ನೋಡಿಕೊಳ್ಳುತ್ತಿದ್ದ ಕಾಲದಲ್ಲೇ ಅಲ್ಲಿ ಆರಿಯೊಮೈಸಿನ್ ಬಂತು. ಅದೂ ಮಣ್ಣಿನದೇ. ಬೋರ್ನಿಯೊ ಮಣ್ಣಿನಿಂದ ವ್ಯಾಂಕೊಮೈಸಿನ್. ಸುಮಾರು ಇಪ್ಪತ್ತು ವರ್ಷ ಸುಗ್ಗಿಯೋ ಸುಗ್ಗಿ. ಆಮೇಲೆ ಯಾವ ಮಣ್ಣು ತಂದರೂ ಅವವೇ ವಸ್ತುಗಳು ಮತ್ತೆ ಮತ್ತೆ ಸಿಗತೊಡಗಿದವು, ಖರ್ಚು ಜಾಸ್ತಿ ಆಯಿತು, ಕಂಪನಿಗಳು ಒಂದೊಂದಾಗಿ ಕೈಬಿಟ್ಟವು.

ಸಮುದ್ರದ ಕಡೆ ನೋಡುವುದು ಈ ಕಾರಣಕ್ಕೆ. ಅಲ್ಲಿನ ಉಪ್ಪು, ಒತ್ತಡ, ತಿನ್ನಲು ಸಿಗುವ ವಸ್ತು, ಪೈಪೋಟಿ ಎಲ್ಲ ಬೇರೆ. ಅಲ್ಲಿ ಬದುಕುವ ಬ್ಯಾಕ್ಟೀರಿಯಾಗಳ ರಸಾಯನವೂ ಬೇರೆ ಇರಬಹುದು ಅನ್ನುವ ಲೆಕ್ಕಾಚಾರ. ಯೋಚನೆ ಹೊಸದಲ್ಲ. ಸಮುದ್ರದ ಸೂಕ್ಷ್ಮಜೀವಿಗಳು ಆಂಟಿಬಯೋಟಿಕ್ ಮಾಡುತ್ತವೆ ಅಂತ 1947ರಲ್ಲೇ ರೋಸೆನ್‌ಫೆಲ್ಡ್ ಮತ್ತು ಝೋಬೆಲ್ ಬರೆದಿದ್ದರು. 1966ರಲ್ಲಿ ಪೋರ್ಟೊ ರಿಕೊ ಹತ್ತಿರದ ಕಡಲ ಹುಲ್ಲಿನ ಮೇಲಿದ್ದ ಒಂದು ಬ್ಯಾಕ್ಟೀರಿಯಾದಲ್ಲಿ ಬ್ರೋಮಿನ್ ತುಂಬಿದ ಒಂದು ವಸ್ತು ಸಿಕ್ಕಿತು. ಐದು ಬ್ರೋಮಿನ್ ಪರಮಾಣು! ಮಣ್ಣಿನ ಬ್ಯಾಕ್ಟೀರಿಯಾ ಹಾಗೆ ಮಾಡುವುದು ಅಪರೂಪ. ಸಮುದ್ರದ ನೀರಿನಲ್ಲಿ ಬ್ರೋಮಿನ್ ಇದೆ, ಕೈಗೆ ಸಿಕ್ಕಿದ್ದನ್ನು ಅದು ಬಳಸಿಕೊಂಡಿದೆ.

ದಿಕ್ಕು ಬದಲಾಗಿದ್ದು ಅಮೆರಿಕದ ಸ್ಕ್ರಿಪ್ಸ್ ಸಾಗರ ಸಂಸ್ಥೆಯ ವಿಲಿಯಂ ಫೆನಿಕಲ್ ಮತ್ತು ಪಾಲ್ ಜೆನ್ಸನ್ ಅವರಿಂದ. ಸ್ಟ್ರೆಪ್ಟೊಮೈಸಿಸ್ ಕೂಡ ಸೇರಿರುವ ಆ್ಯಕ್ಟಿನೊಮೈಸೀಟ್ ಗುಂಪಿನ ಬ್ಯಾಕ್ಟೀರಿಯಾಗಳು ಸಮುದ್ರದಲ್ಲಿ ಸಿಕ್ಕರೆ ಅವು ನದಿ ನೀರಿನ ಜೊತೆ ಕೊಚ್ಚಿಕೊಂಡು ಬಂದ ಮಣ್ಣಿನವೇ ಅಂತ ಬಹಳ ಜನ ಅಂದುಕೊಂಡಿದ್ದರು. ಇವರು ಬಹಾಮಾಸ್ ಕಡಲ ತಳದಿಂದ ಸ್ಯಾಲಿನಿಸ್ಪೊರಾ ಅನ್ನುವ ಕುಲವನ್ನೇ ಕಂಡುಹಿಡಿದರು, ಅದು ಸಮುದ್ರದ ನೀರಿನ ಲವಣ ಇಲ್ಲದಿದ್ದರೆ ಬೆಳೆಯುವುದೇ ಇಲ್ಲ. ಅಂದರೆ ಅದು ಅಲ್ಲಿಯದೇ. ಅದರಿಂದ 2003ರಲ್ಲಿ ಬಂದ ಸ್ಯಾಲಿನೊಸ್ಪೊರಮೈಡ್ ಕ್ಯಾನ್ಸರ್ ಔಷಧಿಯಾಗಿ ಮೂರನೇ ಹಂತದ ಪ್ರಯೋಗದ ತನಕ ಹೋಯಿತು. ಸೋಂಕಿನ ವಿಷಯಕ್ಕೆ ಬಂದರೆ ನನಗೆ ತುಂಬಾ ಇಷ್ಟವಾದದ್ದು ಅಬಿಸ್ಸೊಮೈಸಿನ್ ಸಿ. ಜಪಾನ್ ಸಮುದ್ರದಲ್ಲಿ 289 ಮೀಟರ್ ಆಳದ ಕೆಸರಿನಲ್ಲಿದ್ದ ಒಂದು ಬ್ಯಾಕ್ಟೀರಿಯಾದ್ದು ಅದು. ಬ್ಯಾಕ್ಟೀರಿಯಾಗಳು ಫೋಲೇಟ್ ಮಾಡಿಕೊಳ್ಳುವ ದಾರಿಯಲ್ಲಿ ಒಂದು ಹೆಜ್ಜೆಯನ್ನು ತಡೆಯುತ್ತದೆ. ನಮ್ಮ ದೇಹದಲ್ಲಿ ಆ ದಾರಿಯೇ ಇಲ್ಲ, ನಾವು ಫೋಲೇಟನ್ನು ಊಟದಿಂದ ಪಡೆಯುತ್ತೇವೆ. ಮಾಮೂಲಿ ಔಷಧಿಗಳಿಗೆ ಬಗ್ಗದ ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾವಾದ ಎಂಆರ್‌ಎಸ್‌ಎ ಮೇಲೂ ಅದು ಕೆಲಸ ಮಾಡುತ್ತದೆ ಅಂತ 2004ರಲ್ಲಿ ತೋರಿಸಿದರು. 2013ರಲ್ಲಿ ಕ್ಯಾಲಿಫೋರ್ನಿಯಾದ ಸಾಂತಾ ಬಾರ್ಬರಾ ಕಡಲ ಕೆಸರಿನ ಸ್ಟ್ರೆಪ್ಟೊಮೈಸಿಸ್‌ನಿಂದ ಆ್ಯಂಥ್ರಾಸಿಮೈಸಿನ್ ಬಂತು, ಅದಕ್ಕೆ ಆ್ಯಂಥ್ರಾಕ್ಸ್ ಬ್ಯಾಕ್ಟೀರಿಯಾವೂ ಬಗ್ಗಿತು.

ಇಷ್ಟಾದರೂ ಸಮುದ್ರದ ಬ್ಯಾಕ್ಟೀರಿಯಾದಿಂದ ಬಂದ ಆಂಟಿಬಯೋಟಿಕ್ ಒಂದೂ ಇನ್ನೂ ಮೆಡಿಕಲ್ ಶಾಪಿಗೆ ಬಂದಿಲ್ಲ. ಹತ್ತಿರದ ಉದಾಹರಣೆ ಒಂದು ಶಿಲೀಂಧ್ರದ್ದು. ಇಟಲಿಯ ಸಾರ್ಡೀನಿಯಾ ದ್ವೀಪದಲ್ಲಿ ಚರಂಡಿ ನೀರು ಸಮುದ್ರಕ್ಕೆ ಸೇರುವ ಜಾಗದಲ್ಲಿ ಜುಸೆಪ್ಪೆ ಬ್ರೋಟ್ಸು 1945ರಲ್ಲಿ ಅದನ್ನು ಆರಿಸಿದರು. ಸೆಫಲೊಸ್ಪೊರಿನ್ ಕುಟುಂಬ ಪೂರ್ತಿ ಅಲ್ಲಿಂದ ಶುರುವಾಯಿತು. ಚಿಕ್ಕಮ್ಮನ ರಿಪೋರ್ಟಿನಲ್ಲಿ ಆರ್ ಬಂದ ಸೆಫ್ಟ್ರಿಯಾಕ್ಸೋನ್ ಅದೇ ಕುಟುಂಬದ್ದು.

ಈಗ ನಮ್ಮ ಕೆಸರಿಗೆ ಬರುತ್ತೇನೆ. ಶಿರಸಿ ಕಡೆ ಹುಟ್ಟುವ ಅಘನಾಶಿನಿಗೆ ಅಣೆಕಟ್ಟು ಇಲ್ಲ. ಕುಮಟಾ ಹತ್ತಿರ ಸಮುದ್ರ ಸೇರುವ ಕಡೆ ಸಿಹಿನೀರು ಉಪ್ಪುನೀರು ಕೂಡಿ ದೊಡ್ಡ ಅಳಿವೆ ಆಗಿದೆ, ದಂಡೆಯುದ್ದ ಕಾಂಡ್ಲಾ, ಅಂದರೆ ಮ್ಯಾಂಗ್ರೋವ್ ಗಿಡಗಳು. ಇಳಿತದ ಹೊತ್ತಿನಲ್ಲಿ ನೀರು ಹಿಂದೆ ಸರಿದು ಕೆಸರಿನ ಬಯಲು ಎದ್ದು ಕಾಣುತ್ತದೆ, ಹೆಂಗಸರು ಬುಟ್ಟಿ ಹಿಡಿದು ಚಿಪ್ಪು ಹೆಕ್ಕಲು ಇಳಿಯುತ್ತಾರೆ. ನಾವೂ ಅದೇ ಹೊತ್ತಿಗೆ ಇಳಿಯುತ್ತೇವೆ, ಮೊಣಕಾಲಿನ ತನಕ ಹೂತುಹೋಗುತ್ತದೆ. ಮೇಲಿನ ಪದರ ಸರಿಸಿ, ಕಪ್ಪಗಿರುವ, ಕೊಳೆತ ಮೊಟ್ಟೆ ವಾಸನೆ ಬರುವ ಪದರಕ್ಕೆ ಸ್ವಲ್ಪ ಮೇಲಿನಿಂದ ಕೆಸರು ತೆಗೆದು ಟ್ಯೂಬಿಗೆ ತುಂಬುತ್ತೇವೆ. "ಎಂತಕ್ಕೆ ತಂಗಿ ಈ ರಾಡಿ?" ಅಂತ ಒಬ್ಬರು ಕೇಳಿದರು. ಇದರಲ್ಲಿ ಔಷಧಿ ಇದೆಯಾ ಅಂತ ನೋಡ್ತೇವೆ ಅಕ್ಕಾ ಅಂದೆ. ಅವರು ನಂಬಿದರು, ಮತ್ತೆ ಕಾಂಡ್ಲಾ ಬೇರಿನ ಬುಡದಲ್ಲಿ ಕೆಸರು ಬೇರೆ ತರ ಇರುತ್ತದೆ, ಅದನ್ನೂ ತಗೊಳ್ಳಿ ಅಂತ ಜಾಗ ತೋರಿಸಿದರು. ಆ ಜಾಗದ ಸ್ಟ್ರೇನ್‌ಗಳು, ಅಂದರೆ ಬೇರ್ಪಡಿಸಿ ಬೆಳೆಸಿದ ಬ್ಯಾಕ್ಟೀರಿಯಾ ತಳಿಗಳು, ಇವತ್ತಿಗೂ ನಮ್ಮ ಒಳ್ಳೆಯ ಸ್ಟ್ರೇನ್‌ಗಳ ಪೈಕಿ ಇವೆ.

ಬೆಂಗಳೂರಿಗೆ ಬಂದ ಮೇಲೆ ಕೆಸರನ್ನು ಪ್ಲೇಟಿನಲ್ಲಿ ತೆಳ್ಳಗೆ ಹರಡಿ ಒಣಗಿಸುತ್ತೇವೆ, ಆಮೇಲೆ ಸ್ವಲ್ಪ ಹೊತ್ತು ಸುಮಾರು 55 ಡಿಗ್ರಿ ಬಿಸಿಗೆ ಇಡುತ್ತೇವೆ. ಬೇಗ ಬೆಳೆದು ಪ್ಲೇಟ್ ಪೂರ್ತಿ ಆಕ್ರಮಿಸುವ ಬ್ಯಾಕ್ಟೀರಿಯಾಗಳು ಇದರಲ್ಲಿ ಸಾಯುತ್ತವೆ, ಬೀಜಕಣ ಮಾಡುವ ಆ್ಯಕ್ಟಿನೊಮೈಸೀಟ್‌ಗಳು ತಡೆದುಕೊಳ್ಳುತ್ತವೆ. ಅವನ್ನು ಬೆಳೆಸುವ ಜೆಲ್ಲಿಯಂಥ ಅಗರ್ ಅನ್ನು ಸಮುದ್ರದ ನೀರಿನಲ್ಲೇ ಕುದಿಸಿ ಮಾಡಬೇಕು. ಪೌಷ್ಟಿಕ ಆಹಾರ ಜಾಸ್ತಿ ಹಾಕಬಾರದು, ಇವು ಬಡತನದಲ್ಲಿ ಬೆಳೆದವು. ಆಮೇಲೆ ಕಾಯುವುದು. ಎರಡೇ ದಿನಕ್ಕೆ ಲೋಳೆ ಲೋಳೆಯಾಗಿ ಏಳುವ ಕಾಲೊನಿಗಳನ್ನು ನಾವು ಮುಟ್ಟುವುದಿಲ್ಲ. ಎರಡು ಮೂರು ವಾರ ಕಳೆದು, ಪ್ಲೇಟ್ ಒಣಗಿ ಕುಗ್ಗತೊಡಗಿದ ಮೇಲೆ, ಮೂಲೆಯಲ್ಲಿ ಸಾಸಿವೆಗಿಂತ ಚಿಕ್ಕ ಚುಕ್ಕಿಗಳು ಕಾಣುತ್ತವೆ. ಕೆಲವು ಕಿತ್ತಳೆ ಬಣ್ಣ, ಮೇಲ್ಮೈ ಸುಕ್ಕು. ಕೆಲವಕ್ಕೆ ಸುಣ್ಣ ಬಳಿದ ಹಾಗೆ ಬಿಳಿ ಪುಡಿ. ಲೂಪ್ ತಗೊಂಡು ಎತ್ತಲು ಹೋದರೆ ಬರುವುದಿಲ್ಲ, ಅಗರ್ ಒಳಗೆ ಬೇರು ಬಿಟ್ಟ ತರ ಕೂತಿರುತ್ತವೆ, ಟೂತ್‌ಪಿಕ್‌ನಿಂದ ಅಗೆದು ತೆಗೆಯಬೇಕು. ಸ್ಟ್ರೆಪ್ಟೊಮೈಸಿಸ್ ಆಗಿದ್ದರೆ ಮುಚ್ಚಳ ತೆಗೆದ ಕೂಡಲೇ ಮೊದಲ ಮಳೆಯ ಮಣ್ಣಿನ ವಾಸನೆ ಬರುತ್ತದೆ. ಮಳೆ ಬಂದಾಗ ಆ ವಾಸನೆ ಕೊಡುವ ಜಿಯೋಸ್ಮಿನ್ ಮಾಡುವುದೂ ಇವೇ.

ಆಮೇಲಿನ ಪರೀಕ್ಷೆ ಸರಳ. ಒಂದು ಪ್ಲೇಟಿನ ತುಂಬಾ ಸ್ಟ್ಯಾಫಿಲೊಕಾಕಸ್ ಹರಡುತ್ತೇವೆ. ನಮ್ಮ ಸ್ಟ್ರೇನ್ ಬೆಳೆದ ಅಗರ್‌ನಿಂದ ಗುಂಡಗೆ ಚಿಕ್ಕ ತುಂಡು ಕೊರೆದು ಅದರ ಮೇಲೆ ಇಡುತ್ತೇವೆ. ಏನೂ ಬೆಳೆಸದ ಬರೀ ಸಮುದ್ರ ನೀರಿನ ಅಗರ್‌ನ ತುಂಡೂ ಪಕ್ಕದಲ್ಲಿ ಇರಬೇಕು, ಉಪ್ಪೇ ಕೊಂದರೆ ನಾವು ಸುಮ್ನೆ ಖುಷಿಪಡಬಾರದು. ಬೆಳಿಗ್ಗೆ ಬಂದು ನೋಡಿದರೆ ಪ್ಲೇಟ್ ಪೂರ್ತಿ ಮಸುಕು, ಆ ಒಂದು ತುಂಡಿನ ಸುತ್ತ ಮಾತ್ರ ಕನ್ನಡಿಯಷ್ಟು ತಿಳಿ. ಝೋನ್ ಅನ್ನುವ ಆ ತಿಳಿ ಜಾಗವನ್ನು ಸ್ಕೇಲ್ ಇಟ್ಟು ಮಿಲಿಮೀಟರ್ ಲೆಕ್ಕದಲ್ಲಿ ಅಳೆಯುತ್ತೇವೆ. ಎಷ್ಟು ವರ್ಷ ಮಾಡಿದರೂ ಈ ಕ್ಷಣದ ಸಂತೋಷ ಕಡಿಮೆ ಆಗಿಲ್ಲ, ಲ್ಯಾಬಿನ ಹುಡುಗರೆಲ್ಲ ಒಬ್ಬರ ಹೆಗಲ ಮೇಲಿಂದ ಒಬ್ಬರು ಇಣುಕುತ್ತಾರೆ.

ಸಂತೋಷ ಎಲ್ಲಿಯವರೆಗೆ ಅಂದರೆ ಮಾಸ್ ಸ್ಪೆಕ್ ರಿಸಲ್ಟ್ ಬರುವವರೆಗೆ. ಕಾಂಡ್ಲಾ ಬುಡದ ಒಂದು ಸ್ಟ್ರೇನ್ ಎಂಆರ್‌ಎಸ್‌ಎಯನ್ನು ಎಷ್ಟು ಚೆನ್ನಾಗಿ ಕೊಂದಿತ್ತು ಅಂದರೆ ಪ್ಲೇಟಿನ ಕಾಲು ಭಾಗ ಖಾಲಿ. ದೊಡ್ಡ ಫ್ಲಾಸ್ಕ್‌ಗಳಲ್ಲಿ ಬೆಳೆಸಿದೆವು, ಈಥೈಲ್ ಅಸಿಟೇಟ್ ಹಾಕಿ ಸಾರ ತೆಗೆದೆವು, ದ್ರಾವಕ ಹಾರಿಸಿದ ಮೇಲೆ ತಳದಲ್ಲಿ ಕೆಂಪು ಮಿಶ್ರಿತ ಹಳದಿ ಅಂಟು ಉಳಿಯಿತು. ಆ ಬಣ್ಣ ನೋಡಿಯೇ ನಮ್ಮ ಸರ್ ಸುಮ್ಮನಾದರು. ಮಾಸ್ ಸ್ಪೆಕ್‌ನಲ್ಲಿ 1255ರ ಹತ್ತಿರ ದೊಡ್ಡ ಪೀಕ್. ಆ್ಯಕ್ಟಿನೊಮೈಸಿನ್ ಡಿ. ಆ್ಯಕ್ಟಿನೊಮೈಸಿನ್ ವಾಕ್ಸ್‌ಮನ್ ಮತ್ತು ವುಡ್ರಫ್ ಅವರಿಗೆ 1940ರಲ್ಲೇ ಸಿಕ್ಕಿತ್ತು. ವಿಷ ಜಾಸ್ತಿ ಅಂತ ಸೋಂಕಿಗೆ ಬಳಸಲಿಲ್ಲ, ಕ್ಯಾನ್ಸರ್ ಔಷಧಿಯಾಗಿ ಉಳಿದುಕೊಂಡಿದೆ. ಸಮುದ್ರದಿಂದ ತಂದರೂ ಹಳೆಯದು ಸಿಗುತ್ತದೆ. ಅದಕ್ಕೇ ಈಗ ಝೋನ್ ಕಂಡ ಕೂಡಲೇ ಸ್ವಲ್ಪವೇ ಸಾರ ತೆಗೆದು, ಗೊತ್ತಿರುವ ವಸ್ತುಗಳ ದತ್ತಾಂಶದ ಜೊತೆ ಹೋಲಿಸಿ, ಹೊಸದರ ಸೂಚನೆ ಇದ್ದರೆ ಮಾತ್ರ ಮುಂದಿನ ಖರ್ಚಿಗೆ ಕೈಹಾಕುವ ಪದ್ಧತಿ ಎಲ್ಲ ಕಡೆ ಇದೆ.

ಇನ್ನೊಂದು ದೊಡ್ಡ ಅಡ್ಡಿ ಇದೆ. ನಮಗೆ ಸಿಗುವ ಹೆಚ್ಚಿನ ವಸ್ತುಗಳು ಸ್ಟ್ಯಾಫಿಲೊಕಾಕಸ್‌ನಂಥ ಗ್ರಾಂ-ಪಾಸಿಟಿವ್‌ಗಳನ್ನು ಕೊಲ್ಲುತ್ತವೆ. ಚಿಕ್ಕಮ್ಮನ ಕ್ಲೆಬ್ಸಿಯೆಲ್ಲಾ, ಐಸಿಯುಗಳ ಅಸಿನೆಟೊಬ್ಯಾಕ್ಟರ್, ಸ್ಯೂಡೊಮೊನಾಸ್ ಇವೆಲ್ಲ ಗ್ರಾಂ-ನೆಗೆಟಿವ್. ಇವಕ್ಕೆ ಹೊರಗೆ ಇನ್ನೊಂದು ಪೊರೆ ಇದೆ, ಅದರ ಸಣ್ಣ ತೂತುಗಳಲ್ಲಿ ದೊಡ್ಡ ಅಣು ನುಸುಳುವುದಿಲ್ಲ. ಹೇಗೋ ನುಸುಳಿದರೂ, ಮಳೆ ನೀರು ನುಗ್ಗಿದ ಬೇಸ್‌ಮೆಂಟಿನಿಂದ ಅಪಾರ್ಟ್‌ಮೆಂಟಿನವರು ಮೋಟಾರ್ ಹಾಕಿ ನೀರನ್ನು ರಸ್ತೆಗೆ ಎತ್ತಿ ಹಾಕುತ್ತಾರಲ್ಲ, ಹಾಗೆ ಒಳಗಿನ ಪಂಪುಗಳು ಔಷಧಿಯನ್ನು ಹೊರಗೆ ತಳ್ಳುತ್ತವೆ. ಹೀಗಾಗಿ ಸ್ಟ್ಯಾಫಿಲೊಕಾಕಸ್ ಪ್ಲೇಟಿನಲ್ಲಿ ಗೆದ್ದ ಸ್ಟ್ರೇನ್‌ಗಳಲ್ಲಿ ಬಹುಪಾಲು ಕ್ಲೆಬ್ಸಿಯೆಲ್ಲಾ ಪ್ಲೇಟಿನಲ್ಲಿ ಸೋಲುತ್ತವೆ. ಅಬಿಸ್ಸೊಮೈಸಿನ್, ಆ್ಯಂಥ್ರಾಸಿಮೈಸಿನ್ ಕತೆಯೂ ಇದೇ, ಅವುಗಳ ಬಲ ಗ್ರಾಂ-ಪಾಸಿಟಿವ್‌ಗಳ ಮೇಲೇ. ಸಮುದ್ರದ್ದು ಅಂದ ಮಾತ್ರಕ್ಕೆ ಎಲ್ಲ ಸಮಸ್ಯೆ ಮುಗಿಯಿತು ಅಂತ ಬರೆಯುವ ಪತ್ರಿಕೆ ಸುದ್ದಿಗಳನ್ನು ಓದುವಾಗ ಇದು ನೆನಪಿರಲಿ.

ಹಾಗಾದರೆ ಝೋನ್ ಕೊಡದ, ಸೋತ ಸ್ಟ್ರೇನ್‌ಗಳನ್ನು ಬಿಸಾಡಬಹುದಾ? ಬಿಸಾಡಬಾರದು. ನಾನು ಹೇಳಬೇಕಾದದ್ದು ಇದೇ.

2007ರಲ್ಲಿ ಸ್ಯಾಲಿನಿಸ್ಪೊರಾ ಟ್ರಾಪಿಕಾದ ಜೀನೋಮ್ ಓದಿದಾಗ ಅದರ ಸುಮಾರು ನೂರಕ್ಕೆ ಹತ್ತು ಭಾಗ ಇಂಥ ರಾಸಾಯನಿಕಗಳನ್ನು ಮಾಡುವುದಕ್ಕೇ ಮೀಸಲು ಅಂತ ಗೊತ್ತಾಯಿತು. ಲ್ಯಾಬಿನಲ್ಲಿ ಅದು ಮಾಡಿ ತೋರಿಸಿದ ವಸ್ತುಗಳು ಮಾತ್ರ ಅದಕ್ಕಿಂತ ತುಂಬಾ ಕಡಿಮೆ. ಬಾಕಿ ಜೀನ್‌ಗಳು ಸುಮ್ಮನೆ ಮಲಗಿರುತ್ತವೆ. ಅವನ್ನು ಎಬ್ಬಿಸುವ ದಾರಿಗಳು ಈಗೀಗ ಬರುತ್ತಿವೆ. 2014ರಲ್ಲಿ ಸ್ಕ್ರಿಪ್ಸ್‌ನವರೇ ಸಮುದ್ರದ ಸ್ಯಾಕರೊಮೊನೊಸ್ಪೊರಾ ಅನ್ನುವ ಬ್ಯಾಕ್ಟೀರಿಯಾದಲ್ಲಿ ಮಲಗಿದ್ದ ಒಂದು ಜೀನ್ ಗುಂಪನ್ನು ಪೂರ್ತಿಯಾಗಿ ಎತ್ತಿ ಬೇರೆ ಬ್ಯಾಕ್ಟೀರಿಯಾಗೆ ಹಾಕಿ, ಟಾರೊಮೈಸಿನ್ ಅನ್ನುವ ಹೊಸ ಆಂಟಿಬಯೋಟಿಕ್ ಮಾಡಿಸಿದರು. ಮೂಲ ಸ್ಟ್ರೇನ್ ಜೋಪಾನವಾಗಿ ಇದ್ದಿದ್ದಕ್ಕೆ ಇದು ಸಾಧ್ಯವಾಯಿತು. ಇನ್ನು ಪ್ಲೇಟಿನಲ್ಲಿ ಬೆಳೆಯಲೊಪ್ಪದ ಬ್ಯಾಕ್ಟೀರಿಯಾಗಳದ್ದೇ ಬೇರೆ ಲೋಕ. ಸ್ಲಾವಾ ಎಪ್‌ಸ್ಟೈನ್, ಕಿಮ್ ಲೂಯಿಸ್ ತಂಡದವರು 2002ರಲ್ಲಿ ಸಮುದ್ರ ತೀರದ ಕೆಸರಿನ ಬ್ಯಾಕ್ಟೀರಿಯಾಗಳನ್ನು ತೆಳು ಪೊರೆಯ ಡಬ್ಬಿಯಲ್ಲಿಟ್ಟು, ಆ ಡಬ್ಬಿಯನ್ನು ಅದೇ ಕೆಸರಿನ ಮೇಲೆ ಇಟ್ಟು ಬೆಳೆಸಿ ತೋರಿಸಿದರು. ಅದೇ ಉಪಾಯ ಬೆಳೆದು, 2015ರಲ್ಲಿ ಮಣ್ಣಿನ ಬ್ಯಾಕ್ಟೀರಿಯಾದಿಂದ ಟೀಕ್ಸೊಬ್ಯಾಕ್ಟಿನ್ ಅನ್ನುವ ಆಂಟಿಬಯೋಟಿಕ್ ಬಂತು.

ಡ್ಯಾಪ್ಟೊಮೈಸಿನ್ ಅನ್ನುವ ಆಂಟಿಬಯೋಟಿಕ್‌ನ ಕತೆ ಇನ್ನೂ ಸ್ಪಷ್ಟ. ಟರ್ಕಿಯ ಅರಾರಾತ್ ಬೆಟ್ಟದ ಮಣ್ಣಿನ ಬ್ಯಾಕ್ಟೀರಿಯಾದ್ದು. ಎಲಿ ಲಿಲ್ಲಿ ಕಂಪನಿ 1980ರ ದಶಕದಲ್ಲಿ ಅದನ್ನು ಹಿಡಿದುಕೊಂಡು ಹೊರಟಿತು, ಸ್ನಾಯುಗಳಿಗೆ ತೊಂದರೆ ಕಂಡಾಗ ಬಿಟ್ಟುಬಿಟ್ಟಿತು. 1997ರಲ್ಲಿ ಕ್ಯೂಬಿಸ್ಟ್ ಅನ್ನುವ ಕಂಪನಿ ಅದನ್ನು ಪಡೆದು, ದಿನಕ್ಕೆ ಒಂದೇ ಸಲ ಕೊಟ್ಟರೆ ಆ ತೊಂದರೆ ಕಡಿಮೆ ಅಂತ ಕಂಡುಕೊಂಡು, 2003ರಲ್ಲಿ ಅನುಮತಿ ಪಡೆಯಿತು. ಇವತ್ತು ಎಂಆರ್‌ಎಸ್‌ಎ ರಕ್ತಕ್ಕೆ ಸೇರಿದವರಿಗೆ ಅದು ಮುಖ್ಯ ಔಷಧಿಗಳಲ್ಲಿ ಒಂದು. ಒಬ್ಬರು ಕೈಬಿಟ್ಟಿದ್ದನ್ನು ಇನ್ನೊಬ್ಬರು ಎತ್ತಿಕೊಳ್ಳಬೇಕಾದರೆ ಅದು ಎಲ್ಲೋ ಒಂದು ಕಡೆ ಉಳಿದಿರಬೇಕು.

ನಮ್ಮಲ್ಲಿ ಉಳಿಯುವುದಿಲ್ಲ. ಪ್ರಾಜೆಕ್ಟ್ ಅಂದರೆ ಸಾಮಾನ್ಯವಾಗಿ ಮೂರು ವರ್ಷ. ಮೊದಲ ವರ್ಷ ಸಾಮಾನು ಖರೀದಿ, ಎರಡನೆಯ ವರ್ಷ ಸ್ಟ್ರೇನ್ ಸಂಗ್ರಹ, ಮೂರನೆಯ ವರ್ಷ ಪೇಪರ್ ಬರೆಯುವ ಗಡಿಬಿಡಿ. ಕೆಲಸ ಮಾಡಿದ ಹುಡುಗಿ ಪಿಎಚ್‌ಡಿ ಮುಗಿಸಿ ಹೊರಡುತ್ತಾಳೆ. ಅವಳು ಗ್ಲಿಸರಾಲ್‌ನಲ್ಲಿ ಹಾಕಿ ಮೈನಸ್ 80 ಡಿಗ್ರಿ ಫ್ರೀಜರ್‌ನಲ್ಲಿ ಇಟ್ಟ ಟ್ಯೂಬುಗಳ ಮೇಲಿನ ಮಾರ್ಕರ್ ಬರಹ ಅಳಿಸುತ್ತಾ ಹೋಗುತ್ತದೆ. ಯಾವ ಟ್ಯೂಬು ಯಾವ ಕೆಸರಿನದ್ದು ಅನ್ನುವುದು ಅವಳ ನೋಟ್‌ಬುಕ್‌ನಲ್ಲಿರುತ್ತದೆ, ನೋಟ್‌ಬುಕ್ ಯಾವುದೋ ಬೀರುವಿನಲ್ಲಿ. ನಾನು ಮೊದಲು ಇದ್ದ ಒಂದು ಲ್ಯಾಬಿನಲ್ಲಿ, ಹಳೆಯ ಪ್ರಾಜೆಕ್ಟಿನ ಫ್ರೀಜರ್‌ನ ಕಂಪ್ರೆಸರ್ ಬೇಸಿಗೆ ರಜೆಯಲ್ಲಿ ಕೆಟ್ಟಿತು. ಅಲಾರಂ ಹೊಡೆದುಕೊಂಡಿದೆ, ಕೇಳುವವರು ಯಾರೂ ಇರಲಿಲ್ಲ. ರಿಪೇರಿಗೆ ದುಡ್ಡು ಯಾವ ಲೆಕ್ಕದಿಂದ ಕೊಡುವುದು ಅನ್ನುವ ಪ್ರಶ್ನೆ ಬಂತು, ಪ್ರಾಜೆಕ್ಟ್ ಮುಗಿದಿತ್ತಲ್ಲ. ನಾವು ಬಾಗಿಲು ತೆಗೆದಾಗ ಟ್ಯೂಬುಗಳು ನೀರಿನಲ್ಲಿ ತೇಲುತ್ತಿದ್ದವು. ಸೀನಿಯರ್ ಅಕ್ಕ ಒಬ್ಬರು ವರ್ಷಗಟ್ಟಲೆ ದೋಣಿಯಲ್ಲಿ ಹೋಗಿ ಸ್ಪಾಂಜುಗಳಿಂದ ಆರಿಸಿ ತಂದ ಸ್ಟ್ರೇನ್‌ಗಳು ಅವು. ಕೆಲವನ್ನು ಮತ್ತೆ ಬೆಳೆಸಲು ಸಾಧ್ಯವಾಯಿತು, ಜಾಸ್ತಿ ಹೋದವು. ಅವರಿಗೆ ಫೋನ್ ಮಾಡಿ ಹೇಳುವಾಗ ನನ್ನ ಗಂಟಲು ಕಟ್ಟಿತು.

ದೇಶದಲ್ಲಿ ಸ್ಟ್ರೇನ್ ಬ್ಯಾಂಕುಗಳು ಇಲ್ಲ ಅಂತಲ್ಲ. ಚಂಡೀಗಢದಲ್ಲಿ ಎಂಟಿಸಿಸಿ ಇದೆ, ಪುಣೆಯಲ್ಲಿ ಎನ್‌ಸಿಎಂಆರ್ ಇದೆ. ಹೊಸ ಪ್ರಭೇದಕ್ಕೆ ಹೆಸರಿಡಬೇಕಾದರೆ ಎರಡು ಬೇರೆ ಬೇರೆ ದೇಶಗಳ ಬ್ಯಾಂಕುಗಳಲ್ಲಿ ಅದನ್ನು ಇಡಲೇಬೇಕು ಅನ್ನುವ ನಿಯಮವೂ ಇದೆ. ಆದರೆ ಹೆಸರಿಡುವ ಹಂತಕ್ಕೆ ಬರುವುದು ನೂರರಲ್ಲಿ ಒಂದೋ ಎರಡೋ. ಮಿಕ್ಕವು, ಝೋನ್ ಕೊಟ್ಟು ಹೊಸದಲ್ಲ ಅನ್ನಿಸಿಕೊಂಡವು, ಝೋನ್ ಕೊಡದೆ ಮಲಗಿರುವವು, ಯಾರ ಪಾಲಿಗೂ ಬರದೆ ಲ್ಯಾಬಿನ ಫ್ರೀಜರ್‌ನಲ್ಲೇ ಉಳಿಯುತ್ತವೆ. ಕರ್ನಾಟಕಕ್ಕೆ ಸುಮಾರು 320 ಕಿಲೋಮೀಟರ್ ಕರಾವಳಿ ಇದೆ. ಮಂಗಳೂರಿನಿಂದ ಕಾರವಾರದ ತನಕ ಎಷ್ಟೋ ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ ಎಂಎಸ್ಸಿ ಹುಡುಗರು ವರ್ಷ ವರ್ಷ ಸ್ಟ್ರೇನ್ ಆರಿಸುತ್ತಾರೆ, ಪ್ರಾಜೆಕ್ಟ್ ವರದಿ ಬೈಂಡ್ ಆದ ಮೇಲೆ ಪ್ಲೇಟುಗಳು ಬಿಸಿ ಆವಿಯಲ್ಲಿ ಎಲ್ಲವನ್ನೂ ಕೊಲ್ಲುವ ಆಟೋಕ್ಲೇವ್‌ಗೆ ಹೋಗುತ್ತವೆ. ಬರೀ ಈ ಕರಾವಳಿಯ ಸ್ಟ್ರೇನ್‌ಗಳಿಗಾಗಿ ಒಂದು ಸಂಗ್ರಹ ಬೇಕು. ಕರಾವಳಿಯಲ್ಲಿ ಒಂದು ಪ್ರತಿ, ಬೆಂಗಳೂರಿನಲ್ಲಿ ಇನ್ನೊಂದು. ಒಣಗಿಸಿ ಗಾಜಿನ ಕೊಳವೆಯಲ್ಲಿ ಸೀಲ್ ಮಾಡಿದರೆ ಎಷ್ಟೋ ಸ್ಟ್ರೇನ್‌ಗಳು ಕರೆಂಟಿನ ಹಂಗಿಲ್ಲದೆ ದಶಕಗಟ್ಟಲೆ ಇರುತ್ತವೆ. ಇದಕ್ಕೆ ಬೇಕಾದದ್ದು ಭಾರಿ ತಂತ್ರಜ್ಞಾನ ಅಲ್ಲ. ಕಾಯಂ ಕೆಲಸದ ಇಬ್ಬರು ಮೂವರು, ಒಂದು ಕಟ್ಟಡ, ನಿಲ್ಲದೆ ಬರುವ ದುಡ್ಡು.

ದುಡ್ಡಿನ ವಿಷಯ ಮಾರುಕಟ್ಟೆ ನೋಡಿಕೊಳ್ಳುತ್ತದೆ ಅನ್ನುವವರಿಗೆ ಎರಡು ಘಟನೆ ಹೇಳುತ್ತೇನೆ. ಅಮೆರಿಕದ ಅಕೇಯೊಜೆನ್ ಕಂಪನಿಯ ಪ್ಲಾಜೊಮೈಸಿನ್‌ಗೆ 2018ರಲ್ಲಿ ಅನುಮತಿ ಸಿಕ್ಕಿತು, 2019ರ ಏಪ್ರಿಲ್‌ನಲ್ಲಿ ಕಂಪನಿ ದಿವಾಳಿ. ಹೊಸ ಆಂಟಿಬಯೋಟಿಕ್ ಬಂದರೆ ಡಾಕ್ಟರುಗಳು ಅದನ್ನು ಕೊನೆಯ ಅಸ್ತ್ರ ಅಂತ ಎತ್ತಿಡುತ್ತಾರೆ, ಎತ್ತಿಡಲೇಬೇಕು. ಮಾರಾಟ ಆಗದಿದ್ದರೆ ಕಂಪನಿ ಬದುಕುವುದು ಹೇಗೆ? ಇನ್ನೊಂದು ನಮ್ಮ ಊರಿನದೇ. ಆಸ್ಟ್ರಾಜೆನೆಕಾ ಬೆಂಗಳೂರಿನಲ್ಲಿ ಕ್ಷಯ, ಮಲೇರಿಯಾ ಔಷಧಿ ಹುಡುಕುತ್ತಿದ್ದ ಕೇಂದ್ರವನ್ನು ಮುಚ್ಚುವುದಾಗಿ 2014ರಲ್ಲಿ ಹೇಳಿತು. ಒಳ್ಳೆಯ ಸುದ್ದಿ ಏನೆಂದರೆ ಅಂಥ ಅನುಭವ ಇದ್ದವರು ಸೇರಿ ಅದೇ ವರ್ಷ ಬಗ್‌ವರ್ಕ್ಸ್ ಅನ್ನುವ ಕಂಪನಿ ಕಟ್ಟಿದರು, ಇಲ್ಲೇ ಸಿ-ಕ್ಯಾಂಪ್ ಅನ್ನುವ ಸಂಶೋಧನಾ ಕೇಂದ್ರದಲ್ಲಿ. ಗ್ರಾಂ-ನೆಗೆಟಿವ್‌ಗಳನ್ನೂ ಬಗ್ಗಿಸಬೇಕಾದ ಅವರ ಒಂದು ಅಣು, ಲ್ಯಾಬಿನಲ್ಲಿ ವಿನ್ಯಾಸ ಮಾಡಿದ್ದು, ಮನುಷ್ಯರ ಮೇಲಿನ ಮೊದಲ ಹಂತದ ಪರೀಕ್ಷೆಗೆ ಹೋಗಿದೆ. ಅಣುವನ್ನು ಲ್ಯಾಬಿನಲ್ಲಿ ವಿನ್ಯಾಸ ಮಾಡುವವರೂ ಬೇಕು, ಕೆಸರಿನಲ್ಲಿ ಹುಡುಕುವವರೂ ಬೇಕು. ವಿನ್ಯಾಸ ಮಾಡುವವರಿಗೂ ಎಷ್ಟೋ ಸಲ ಮೊದಲ ಮಾದರಿ ಸಿಗುವುದು ಬ್ಯಾಕ್ಟೀರಿಯಾ ಮಾಡಿದ ಅಣುವಿನಿಂದಲೇ, ಅಮಿಕಾಸಿನ್ ಹಾಗೆ.

ನಮ್ಮ ಈಗಿನ ಪ್ರಾಜೆಕ್ಟ್ ಈ ಆರ್ಥಿಕ ವರ್ಷಕ್ಕೆ ಮುಗಿಯುತ್ತದೆ. ಅಷ್ಟರೊಳಗೆ ಅಘನಾಶಿನಿಯ ಎಲ್ಲ ಸ್ಟ್ರೇನ್‌ಗಳಿಗೂ ಬಾರ್‌ಕೋಡ್ ಹಾಕುತ್ತಿದ್ದೇವೆ, ಯಾವ ಜಾಗ, ಯಾವ ಆಳ, ಯಾವ ತಿಂಗಳು, ಯಾವ ಅಗರ್‌ನಲ್ಲಿ ಬೆಳೆಯಿತು ಅನ್ನುವುದನ್ನೆಲ್ಲ ಒಂದೇ ಶೀಟಿನಲ್ಲಿ ಸೇರಿಸುತ್ತಿದ್ದೇವೆ. ಆ ಶೀಟನ್ನು ಕೇಳಿದವರಿಗೆ ಕೊಡುತ್ತೇವೆ. ಪ್ರತಿ ಸ್ಟ್ರೇನ್‌ಗೂ ಎರಡು ಸೆಟ್ ಟ್ಯೂಬು. ಒಂದು ಸೆಟ್ ನಮ್ಮಲ್ಲಿರುತ್ತದೆ, ಇನ್ನೊಂದನ್ನು ಬೇರೆ ಊರಿನ ಲ್ಯಾಬಿನಲ್ಲಿ ಇಡಬೇಕು ಅಂತ ಆಸೆ. ಮಂಗಳೂರು, ಧಾರವಾಡ, ಮೈಸೂರು, ಶಿವಮೊಗ್ಗ ಎಲ್ಲಾದರೂ ಸರಿ, ಜನರೇಟರ್ ಇರುವ ಕಡೆ ಮೈನಸ್ 80 ಫ್ರೀಜರ್‌ನಲ್ಲಿ ಒಂದು ರ್‍ಯಾಕ್ ಖಾಲಿ ಇದ್ದರೆ ದಯವಿಟ್ಟು ತಿಳಿಸಿ. ಡ್ರೈ ಐಸ್ ಹಾಕಿ ತಂದುಕೊಡುವ ಜವಾಬ್ದಾರಿ ನಮ್ಮದು.